ಬಸ್ ಸ್ಟಾಪಿನ ಎದುರಿನ ಬೋರ್ಡು

ಅಪ್ಪಾ,

ಓದಲು ನೀನಿಲ್ಲ, ಆದರೂ ಹೇಳಿಬಿಡುತ್ತೇನೆ. ನಿನ್ನ ಮೊಮ್ಮಗಳು ರಜೆಯ ದಿನಗಳಲ್ಲಾದರೂ ನನ್ನ ಹತ್ತಿರ ಇರಲಿ ಎಂದು ಕೇಳಲು ಇವತ್ತು ಕೋರ್ಟಿನ ಉಚಿತ ಕಾನೂನು ನೆರವಿನ ಕೋಣೆಗೆ ಹೋಗಿದ್ದೆ. ಹೆಂಡತಿಯ ಮೇಲಿನ ದೂರುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ವಕೀಲೆ ಕೈ ಅಡ್ಡ ಹಿಡಿದರು.

"ಅವರ ಸುದ್ದಿ ಬಿಡಿ. ಮಗಳ ಬಗ್ಗೆ ಹೇಳಿ."

ಹೇಳಿದೆ ನೋಡು! ಬಾಗಿಲು ಅರ್ಧ ತೆರೆದಿರದಿದ್ದರೆ ಮಲಗುವುದಿಲ್ಲ, ಜಡೆ ಹೆಣೆಯುವಾಗ ಎಳೆಯುವ ಮೊದಲೇ ಕಿರುಚುತ್ತಾಳೆ, ಲೆಕ್ಕ ತಪ್ಪಿದರೆ ಪೆನ್ಸಿಲ್ಲಿಗೆ ಬೈಯುತ್ತಾಳೆ. ವಕೀಲೆ ನಕ್ಕುಬಿಟ್ಟರು.

"ಸಾಕು, ಸಾಕು. ಜಡ್ಜ್ ಮುಂದೆ ಇದನ್ನೇ ಹೇಳಿ, ಜೊತೆಗೆ ನಾನಿರ್ತೀನಿ. ಫೀಸು ಗೀಸು ಏನೂ ಇಲ್ಲ."

ಮಗಳು ಬಂದೇ ಬರುತ್ತಾಳೆ, ನನಗೆ ಅನುಮಾನವೇ ಇಲ್ಲ.

ಅಮ್ಮ ನನ್ನನ್ನು ಕರೆದುಕೊಂಡು ಬೇರೆಯಾದಾಗ ನೀನು ಚಿಕ್ಕಪ್ಪನಿಗೆ ಹೇಳಿದೆಯಂತೆ: "ವಕೀಲರಿಗೆ ಸುರಿಯೋಕೆ ಬಸ್ ಡ್ರೈವರ್ ಹತ್ರ ಏನಿದೆ? ಅಪ್ಪಂದಿರ ಮಾತು ಅಲ್ಲಿ ಯಾರು ಕೇಳ್ತಾರೆ?"

ಹೊರಗೆ ಬಂದು ಬಸ್ಸಿಗೆ ಕಾದೆ. ಅದು ನಿನ್ನದೇ ರೂಟಿನ ಸ್ಟಾಪು. ರಸ್ತೆ ತಿರುಗುವಲ್ಲಿ, ನೇರ ಎದುರಿಗೇ ಆ ಕೋಣೆಯ 'ಉಚಿತ ಕಾನೂನು ನೆರವು' ಬೋರ್ಡಿದೆ. ನಾನು ಹುಟ್ಟುವ ಮೊದಲೇ ಹಾಕಿದ್ದಂತೆ. ಡ್ರೈವರ್ ಸೀಟಿನಿಂದ ಅದನ್ನು ಓದಲು ಕತ್ತು ಹೊರಳಿಸುವ ಅಗತ್ಯವೂ ಇಲ್ಲ.