ಗಂಜಿ ಕುಡಿದ ಗಾಜಿನ ನೂಲು

೧೨-೩-೭೪, ಮಂಗಳವಾರ. ಕೊಳ್ಳೇಗಾಲ

ಮೂರನೇ ಮಗ್ಗದಲ್ಲಿ ಇವತ್ತೂ ರೇಷ್ಮೆಯಿಲ್ಲ, ಗಾಜಿನ ನೂಲು. ಕೈಯೆಲ್ಲಾ ತುರಿಕೆ. ಎಲ್ಲಾ ಅಳಿಯ ಮಹದೇವುವಿನ ಹುಚ್ಚು — ನನ್ನ ಅಕ್ಕನ ಮಗನೇ. ಬೆಂಗಳೂರಲ್ಲಿ ಹೆಲಿಕಾಪ್ಟರ್ ಕೆಲಸ. ನಾನು ನೇಯ್ದ ಈ ಪಟ್ಟಿಯನ್ನು ರೆಸಿನ್ ಎಂಬ ಅಂಟಿನಲ್ಲಿ ಅದ್ದಿ, ಸುತ್ತಿ, ಕೊಳವೆ ಮಾಡುತ್ತಾನಂತೆ. ಬಾಲದ ರೆಕ್ಕೆ ತಿರುಗಿಸುವ ಶಾಫ್ಟ್ ಅದು. ಲೋಹ ಬೇಡವಂತೆ. ಇವನ ತಲೆ!

ನೂಲು ಪಟಪಟ ಹರಿಯುತ್ತಿತ್ತು. ಹೆಂಡತಿ ಶಿವನಂಜಮ್ಮ ಎಂದಿನಂತೆ ಅಕ್ಕಿಗಂಜಿ ಬಳಿದಳು. “ಗಂಜಿ ಕುಡೀದೆ ಯಾವ್ ನೂಲ್ ದುಡೀತದೆ?” ಆಮೇಲೆ ಒಂದೆಳೆಯೂ ಹರಿಯಲಿಲ್ಲ.

೧೪, ಗುರುವಾರ

ಮಹದೇವು ಬಂದು ಪಟ್ಟಿ ಒಯ್ದ. “ರೇಸ್ಮೆ ಇದ್ದಂಗದೆ ಮಾವ!” ಇಪ್ಪತ್ಮೂರಕ್ಕೆ ಶಾಫ್ಟ್ ತಿರುಗಿಸಿ ಟೆಸ್ಟ್. ಪಕ್ಕದಲ್ಲಿ ಇವನೇ ನಿಲ್ಲುತ್ತಾನಂತೆ. ಬಕೆಟ್ ತೂತು ಮುಚ್ಚಿಕೊಳ್ಳಲು ಒಂದು ಡಬ್ಬಿ ರೆಸಿನ್ ಕೊಟ್ಟ. ಹೆರಿಗೆಗೆ ಬಂದಿರುವ ಬಸುರಿ ಮಗಳು ಚಾಮುಂಡಿ ಬಾಗಿಲಲ್ಲೇ ನಿಂತು ಗಂಡನನ್ನು ಕಳಿಸಿದಳು.

೨೨, ಶುಕ್ರವಾರ, ಸಂಜೆ

ಪಟ್ಟಿಯ ಉಳಿದ ತುಂಡಿಗೆ ರೆಸಿನ್ ಹಚ್ಚಿ ಬಕೆಟ್ಟಿಗೆ ಮೆತ್ತಿದ್ದೆ. ಇವತ್ತು ಉಗುರಲ್ಲಿ ಕೆದಕಿದರೆ — ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿದು ಬಂತು. ತುದಿಯಲ್ಲಿ, ಗಂಜಿ ತಾಗದ ಕಡೆ ಮಾತ್ರ ಕಚ್ಚಿಕೊಂಡಿದೆ.

ಅಯ್ಯೋ ಮಾದಪ್ಪಾ. ಗಂಜಿ!

ನಾಳೆಯೇ ಟೆಸ್ಟ್. ತಿರುಗುವಾಗ ಶಾಫ್ಟ್ ಸಿಡಿದರೆ ಪಕ್ಕದಲ್ಲಿ ನಿಂತವನ ಗತಿ... ಪೋಸ್ಟಾಫೀಸಿಗೆ ಓಡಿದೆ. ಟ್ರಂಕ್ ಕಾಲ್ ಸಿಗಲಿಲ್ಲ, ಲೈನ್ ಕೆಟ್ಟಿದೆ. ಚಾಮುಂಡಿಗೆ ಹೇಳಿಲ್ಲ. ಹೇಗೆ ಹೇಳಲಿ? ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುವುದು.

೨೩, ಶನಿವಾರ, ವಾಪಸ್ ಬಸ್ಸಿನಲ್ಲಿ

ಬದುಕಿದೆ. ಫ್ಯಾಕ್ಟರಿ ಗೇಟಿನ ಹತ್ತಿರ ನಿಂತಿದ್ದೆ. ಮಹದೇವು ನಗುತ್ತಾ ಬಂದ. ಟೆಸ್ಟ್ ಮುಗಿದಿತ್ತು. ಶಾಫ್ಟಿಗೆ ಏನೂ ಆಗಿಲ್ಲ.

“ಗಂಜಿ ಆಕಿದ್ದು ಮೂಸಿದ್ ಕೂಡ್ಲೇ ಗೊತ್ತಾಯ್ತು ಮಾವ. ಸುತ್ತಕ್ ಮುಂಚೇನೇ ಪಟ್ಟೀನ ಒಲೇಲಿಟ್ಟು ಸುಟ್ಬುಟ್ಟೆ.”

“ಪಟ್ಟೀನೇ ಸುಟ್ಟಾ?”

“ಸುಟ್ಟೋಗೋದು ಗಂಜಿ ಮಾತ್ರ. ಗಾಜೆಲ್ಲಿ ಸುಟ್ಟೋಯ್ತದೆ?”

ಒಂದು ಮಾತು ತಿಳಿಸಬಾರದಿತ್ತೇನೋ ಮುಂಡೇದೇ ಎಂದು ಬೈಯಬೇಕು ಅಂದುಕೊಂಡೆ. ಆದರೆ ಅವನ ಭುಜ ಹಿಡಿದು ನಿಂತುಬಿಟ್ಟೆ.

೨೪, ಭಾನುವಾರ

ಇನ್ನೂ ಪಟ್ಟಿ ಬೇಕಂತೆ. ನೇಯುವಾಗ ಗಂಜಿ ಹಾಕಿ, ಆಮೇಲೆ ಸುಡ್ತೀನಿ ಅಂದಿದ್ದಾನೆ. ಶಿವನಂಜಮ್ಮನನ್ನು ಹಿಡಿಯುವವರಿಲ್ಲ ಇವತ್ತು.

ಚಾಮುಂಡಿ ಕೇಳಿದಳು: “ಅಪ್ಪ, ನೆನ್ನೆ ಬೆಂಗ್ಳೂರ್ಗೆ ಯಾಕೋಗಿದ್ದೆ?”

“ಅವ್ನಿಗೆ ಉಪ್ಪಿನಕಾಯಿ ಕೊಡಕೆ ಕಣವ್ವ.”

ಉಪ್ಪಿನಕಾಯಿ ಜಾಡಿ ಅಡುಗೆಮನೆಯಲ್ಲೇ ಇತ್ತು. ಚಾಮುಂಡಿ ಅದನ್ನು ತಂದು ನನ್ನ ಮುಂದಿಟ್ಟು, ಪಕ್ಕದಲ್ಲೇ ಕೂತಿದ್ದಾಳೆ. ಈಗ ಹೇಳಬಹುದು, ಹೆದರಿಕೆಯಿಲ್ಲ. ಪೆನ್ನು ಕೆಳಗಿಟ್ಟು ಎಲ್ಲಾ ಹೇಳುತ್ತೇನೆ.