ದೇವರ ಲೆಕ್ಕದ ಗಂಡ

೧೮೧೩, ಸೆಪ್ಟೆಂಬರ್ ೨೯

ದೋಸೆಗೆ ಕಪ್ಪು ಗೋಧಿಯ ಹಿಟ್ಟು ಕಲಸುತ್ತಿದ್ದೆ. ಪಕ್ಕದ ಮನೆ ಕಾತೆಲ್ ಬಂದು ಹೊಸಿಲ ಮೇಲೆ ಕೂತು ಅತ್ತಳು. ಅಳುವವರನ್ನು ಕಂಡರೆ ಮೈ ಉರಿಯುತ್ತದೆ ನನಗೆ.

ನಮ್ಮ ಚಕ್ರವರ್ತಿ ನೆಪೋಲಿಯನ್‌ಗೆ ಯುದ್ಧಕ್ಕೆ ಮತ್ತೆ ಗಂಡುಗಳು ಬೇಕಂತೆ. ಮದುವೆ ಆಗದವರೆಲ್ಲ ಸೈನ್ಯಕ್ಕೆ. ಅವಳ ದೊಡ್ಡ ಮಗ ಹೋದ ವರ್ಷ ರಷ್ಯಾದ ಹಿಮದಲ್ಲಿ ಸತ್ತ. ಉಳಿದವನು ಎಫ್ಲಾಮ್, ಮರದ ಮೆಟ್ಟು ಕೆತ್ತುವವನು. ಇಪ್ಪತ್ತೆರಡು.

"ಬಡವ ಅಂತ ಯಾರೂ ಹೆಣ್ಣು ಕೊಡ್ತಿಲ್ಲ, ಸ್ವಾಜಿಗಕ್ಕಾ. ನೀನೇ ಕಟ್ಕೋ. ಪಕ್ಕದೂರಲ್ಲಿ ಎಂಬತ್ತರ ಮುದುಕಿ ಹೀಗೇ ಒಬ್ಬ ಹುಡುಗನ್ನ ಕಟ್ಕೊಂಡಿದಾಳಂತೆ."

"ನಂಗೆ ಎಪ್ಪತ್ತೊಂದು ಕಣೇ. ಇರೋದು ಮೂರು ಹಲ್ಲು."

"ಅವ್ನೇನು ಹಲ್ಲು ನೋಡಿ ಕಟ್ಕೋತಾನಾ?"

ನಗು ಬಂತು. ಒಪ್ಪಿದೆ.

ಸೆಪ್ಟೆಂಬರ್ ೩೦

ಮದುವೆ ಆಯಿತು. ಮೇಯರ್ ಹತ್ತಿರ ಹೋಗೋಣ ಅಂದ ಎಫ್ಲಾಮ್. ಬೈದೆ. ಸೊಂಟಕ್ಕೆ ಸರ್ಕಾರದ ಪಟ್ಟಿ ಸುತ್ತಿಕೊಂಡ ಮೇಯರ್ ಮಾಡಿಸಿದರೆ ಅದು ಮದುವೆಯೇ? ಸರ್ಕಾರಕ್ಕೆ ಪ್ರಮಾಣ ಮಾಡಲಾರೆ ಅಂತ ತಲೆ ಮರೆಸಿಕೊಂಡಿರುವ ನಮ್ಮ ಹಳೇ ಪಾದ್ರಿಯೇ ಆಗಬೇಕು. ಕೊಟ್ಟಿಗೆಯಲ್ಲಿ ಉಂಗುರ ಹಾಕಿಸಿದರು.

"ಅಜ್ಜಿ, ನಡೀರಿ" ಅಂದ ಹುಡುಗ.

"ಹೆಂಡ್ತೀನ ಅಜ್ಜಿ ಅಂತೀಯೇನೋ!"

ಸೇಬಿನ ಹೆಂಡ ಕುಡಿದೆವು. ಅವನು ತಾಯಿ ಮನೆಗೆ, ನಾನು ನನ್ನ ಮನೆಗೆ.

ಅಕ್ಟೋಬರ್ ೯

ಎಫ್ಲಾಮ್‌ಗೆ ಕರೆ ಬಂದಿದೆ. ಹದಿನೆಂಟನೇ ತಾರೀಕು ಹೊರಡಬೇಕು. ಮೇಯರ್ ಹತ್ತಿರ ಹೋಗಿ ಅವನ ಮೇಜು ಗುದ್ದಿದೆ.

"ಪಾದ್ರಿ ಮಾಡ್ಸಿದ್ದು ದೇವರ ಲೆಕ್ಕಕ್ಕೆ, ಅಜ್ಜಮ್ಮ. ಕಾನೂನಿಗೆ ಅವ್ನಿನ್ನೂ ಒಂಟಿ."

"ಹಾಗಾದ್ರೆ ಈಗ್ಲೇ ಮಾಡ್ಸು!"

"ಎರಡು ಭಾನುವಾರ ಕಚೇರಿ ಬಾಗಿಲಿಗೆ ಮದ್ವೆ ಚೀಟಿ ಹಚ್ಬೇಕು. ನಾಳೆ, ಆಮೇಲೆ ಹದಿನೇಳು. ಬುಧವಾರ, ಇಪ್ಪತ್ತಕ್ಕೆ ಮದ್ವೆ. ಹೇಗಾದ್ರೂ ಅವನನ್ನ ಕರ್ಕೊಂಡು ಬಾ. ಸಹಿ ಬಿದ್ಮೇಲೆ ಮೇಲಿನವರ ಹತ್ರ ನಾನು ಮಾತಾಡ್ತೀನಿ."

ಅವತ್ತೇ ಹುಡುಗನ ಮಾತು ಕೇಳಿದ್ದರೆ ಹದಿಮೂರಕ್ಕೆ ಮುಗಿಯುತ್ತಿತ್ತು.

ಅಕ್ಟೋಬರ್ ೧೦

ಕಾತೆಲ್ ನನ್ನ ಮುಖ ನೋಡುತ್ತಿಲ್ಲ. ಎಫ್ಲಾಮ್ ಬಂದು ನನ್ನ ಒಡೆದ ಮೆಟ್ಟು ಸರಿ ಮಾಡಿಕೊಟ್ಟು ಹೋದ. ಬೈದಿದ್ದರೆ ವಾಸಿಯಿತ್ತು.

ಅಕ್ಟೋಬರ್ ೧೯, ಬೆಳಿಗ್ಗೆ

ನಿನ್ನೆ ಹೋಗಲಿಲ್ಲ ಅವನು. ಹೋಗಲು ಬಿಡಲಿಲ್ಲ. ಬೀರುವಿನಂತಿರುವ ನನ್ನ ಪೆಟ್ಟಿಗೆ ಮಂಚದೊಳಗೆ ಮಲಗಿಸಿ ಜಾರುಬಾಗಿಲು ಎಳೆದಿದ್ದೇನೆ.

ಕಾತೆಲ್ ಮನೆಯಲ್ಲಿ ನಾಲ್ಕು ಸಿಪಾಯಿಗಳು ಠಿಕಾಣಿ ಹೂಡಿದ್ದಾರೆ. ಮಗ ಸಿಗುವವರೆಗೆ ಅವರ ಅನ್ನ, ಹೆಂಡ ಎಲ್ಲ ತಾಯಿಯದೇ. ಕಾನೂನಂತೆ. ಹಂದಿ ಕಡಿಸಿದರು. ಕೋಳಿ ಮುಗಿದವು. ಅವಳು ಬಾಯಿ ಬಿಟ್ಟಿಲ್ಲ.

ಮಧ್ಯಾಹ್ನ

ಹಸು ಕೂಗಿದ್ದು ಇಲ್ಲಿಗೂ ಕೇಳಿತು. ಎಫ್ಲಾಮ್‌ಗೂ ಕೇಳಿತು.

"ಹಸುಗೆ ಕೈ ಹಾಕಿದಾರೆ. ಬಾಗಿಲು ಬಿಡಿ ಅಜ್ಜಿ. ನಾನು ಹೋದ್ರೆ ಅಮ್ಮನ್ನ ಬಿಡ್ತಾರೆ."

"ಹಸು ಹೋದ್ರೆ ಇನ್ನೊಂದು ಬರುತ್ತೆ. ಸುಮ್ನೆ ಬಿದ್ಕೋ. ನಾಳೆ ಬುಧವಾರ."

"ಅಮ್ಮ ಅಳ್ತಿದಾಳೆ."

"ಅಳ್ಲಿ. ಅವಳಿಗೆ ಬರೋದೇ ಅದು."

ಜಾರುಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೇನೆ. ಒಳಗಿಂದ ಎಳೆಯುತ್ತಾನೆ, ಬಲವಿದೆ ಮುಂಡೇದಕ್ಕೆ. ಮಡಿಲಲ್ಲಿ ಪುಸ್ತಕ ಇಟ್ಟು ಬರೆಯುತ್ತಿದ್ದೇನೆ. ಅಂಗಳದಲ್ಲಿ ಬೂಟು. ಯಾರೋ ನನ್ನ ಹೆಸರು ಹಿಡಿದು ಕೂಗುತ್ತಿದ್ದಾರೆ. ಎಳೆಯುವುದು ನಿಂತಿತು. ಅವನೀಗ ಬಾಯಿ ತೆರೆದರೆ—