ಎಡಗಡೆಯ ಬಾಕ್ಸ್

ಹಾಸ್ಟೆಲ್ ರೂಮಿನಿಂದ,
ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಪ್ಪನಿಗೆ,

ಕೀಚಲು ದನಿಗಾಗಿ, ಮೇಲಿನ ಸ್ವರ ನುಡಿಸುವ ಪುಟ್ಟ ಸ್ಪೀಕರಿನ ಹೆಸರು ಪಡೆದ ನಿಮ್ಮ ಮಗಳು ಟ್ವೀಟರ್ ಮಾಡುವ ನಮಸ್ಕಾರ. ಮೂರು ಸಲ ಡಯಲ್ ಮಾಡಿ ಕಟ್ ಮಾಡಿದೆ, ಅದಕ್ಕೇ ಈ ಕಾಗದ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ.

ರಜೆಯಲ್ಲಿ ನೀವು ಕಟ್ಟಿದ ಹೊಸ ಸ್ಪೀಕರ್ ಜೋಡಿಯನ್ನು ಅಳೆಯಲು ಹೇಳಿದಿರಿ. ಮೈಕ್ ಕೆಟ್ಟಿದೆ, ಗ್ರಾಫ್ ಬರಲಿಲ್ಲ ಅಂದೆ. ಸುಳ್ಳು. ನಿಮ್ಮ ಕುರ್ಚಿಯ ಮೇಲೇ ಮೈಕ್ ಇಟ್ಟು ಅಳೆದಿದ್ದೆ. ಬಲಗಡೆಯ ಬಾಕ್ಸಿನ ಗೆರೆ ಚಾಪೆ ಹಾಸಿದ ಹಾಗೆ ಸಮ. ಎಡಗಡೆಯದರಲ್ಲಿ ಮೇಲಿನ ಸ್ವರಗಳು ಆರು ಡೆಸಿಬಲ್ ಜಾಸ್ತಿ.

ನೀವೇ ಏರಿಸಿದ್ದು. ಎಡ ಮಂಕು, ಎಡ ಮಂಕು ಅಂತ, ಆ ಸ್ವರಗಳನ್ನು ಏರಿಸಿ ಇಳಿಸುವ ರೆಸಿಸ್ಟರ್ ಬದಲಿಸುತ್ತಲೇ ಇದ್ದಿರಿ. ಆ ಬಾಕ್ಸ್ ಕಿವಿ ಕೊರೆಯುತ್ತೆ ಕಣ್ರೀ ಅಂತ ಅಮ್ಮ ಅಂದರೆ, ಮಿಕ್ಸಿ ಕೇಳಿ ಕೇಳಿ ನಿನ್ನ ಕಿವಿ ಹೋಗಿದೆ ಅಂತ ನಕ್ಕಿರಿ.

ಅನುಮಾನ ಬಂದರೆ ಬಾಕ್ಸ್ ಅದಲುಬದಲು ಮಾಡು, ತಪ್ಪು ಬಾಕ್ಸಿನದಾದರೆ ಅದರ ಜೊತೆಗೇ ಹೋಗುತ್ತೆ ಅಂತ ಕಲಿಸಿದವರು ನೀವೇ ತಾನೆ? ನೀವು ಸ್ನಾನಕ್ಕೆ ಹೋದಾಗ ಎರಡಕ್ಕೂ ಒಂದೇ ರೆಸಿಸ್ಟರ್ ಹಾಕಿ, ಎರಡು ಗೆರೆಯೂ ಒಂದರ ಮೇಲೊಂದು ಕೂತದ್ದು ನೋಡಿಕೊಂಡು, ಬಾಕ್ಸ್ ಬದಲಿಸಿಟ್ಟೆ. ನೀವು ತಲೆ ಒರೆಸಿಕೊಳ್ಳುತ್ತಾ ಬಂದು ಕೂತಿರಿ. ಥೂ, ಎಡ ಮತ್ತೆ ಮಂಕಾಯ್ತಲ್ಲೇ ಅಂದಿರಿ.

ತಪ್ಪು ಬಾಕ್ಸಿನ ಜೊತೆ ಹೋಗಲಿಲ್ಲ ಅಪ್ಪ. ಕುರ್ಚಿಯಲ್ಲೇ ಉಳಿಯಿತು.

ಹೇಳಲು ಬಾಯಿ ಬರಲಿಲ್ಲ. ನನ್ನ ಕಿವಿಯೇ ನನ್ನ ಮೀಟರ್ ಅನ್ನುವವರು ನೀವು. ನಿನ್ನೆ ಕಾಲೇಜಿನ ಡಾಕ್ಟರನ್ನು, ಯಾರೋ ಫ್ರೆಂಡಿನ ಅಪ್ಪನಿಗೆ ಎಡಗಿವಿ ಮಂದ ಅಂತ ಹೇಳಿ ಕೇಳಿದೆ. ಎರಡೂ ಕಿವಿ ಮಂದವಾದರೆ ವಯಸ್ಸು ಅನ್ನಬಹುದು, ಒಂದೇ ಆದರೆ ತಡಮಾಡಬಾರದು ಅಂದರು. ಪೆನ್ನು ಕೆಳಗಿಟ್ಟು, ಗೊತ್ತಾಗಿ ಎಷ್ಟು ದಿನವಾಯಿತು ಅಂತ ಕೇಳಿದರು. ಹನ್ನೊಂದು ದಿನ, ಅಪ್ಪ. ಹನ್ನೊಂದು ದಿನ ನಾನು ಸುಮ್ಮನಿದ್ದೆ. ಅವರ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಗ್ರಾಫ್ ಇದರ ಜೊತೆಗಿದೆ. ಮೈಕ್ ಸರಿ ಇಲ್ಲ ಅಂತ ವಾದ ಮಾಡಬೇಡಿ, ಎರಡು ಮೈಕಿನಲ್ಲಿ ಅಳೆದಿದ್ದೇನೆ. ಇದು ಕೈಗೆ ಸಿಕ್ಕ ದಿನವೇ ಅಮ್ಮನ ಜೊತೆ ಕಿವಿ ಡಾಕ್ಟರ ಹತ್ತಿರ ಹೋಗಿ. ಶನಿವಾರ ನಾನೂ ಬರುತ್ತೇನೆ.

ಹೆದರಿ ಕೂತಿರುವ ನಿಮ್ಮ
ಟ್ವೀಟರ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದ್ದು. ಬಸ್ ಹೊರಡುವಾಗ ಮ್ಯಾತ್ಸ್‌ನಲ್ಲಿ ಫೇಲಾದೆ ಅಂತ ನಿಮಗೆ ಹೇಳಿದ್ದೆ. ಎಡಗಡೆ ನಿಂತು, ಬೇಕಂತಲೇ. ಕೇಳಿಸದಿರಲಿ ಅಂತ ಬೇಡಿಕೊಂಡೇ ಹೇಳಿದೆ. ನೀವು ನಕ್ಕು, ಹೂಂ, ಹುಷಾರಾಗಿ ಹೋಗು ಅಂದಿರಿ. ಶನಿವಾರ ಬಲಗಡೆ ನಿಂತು ಹೇಳುತ್ತೇನೆ.